ಬಾನೆಟ್ಟಿನ ಕೆಳಗಿನ ಆಯ್ಕೆ

ಅಂತರ್ದಹನ ಎಂಜಿನ್ನಿನ ನಾಲ್ಕು ಹೊಡೆತಗಳನ್ನು ಕನ್ನಡದಲ್ಲಿ ಕಲಿಸಿ ನಿವೃತ್ತರಾದ ವಿಜ್ಞಾನ ಮಾಸ್ತರರು ಕಾಸರಗೋಡಿನ ಕನ್ನಡ ಶಾಲೆಗಳ ಆಸುಪಾಸಿನಲ್ಲಿ ಅನೇಕರಿದ್ದಾರೆ. ಹೀರುವಿಕೆ, ಸಂಪೀಡನ, ಶಕ್ತಿ, ನಿಷ್ಕಾಸ ಎಂದು ಕರಿಹಲಗೆಯ ಮೇಲೆ ಸೀಮೆಸುಣ್ಣದಿಂದ ಚಿತ್ರ ಬರೆದು ತೋರಿಸಿದ ಈ ಮಹನೀಯರಲ್ಲಿ ಹೆಚ್ಚಿನವರು ಸೇವಾವಧಿಯುದ್ದಕ್ಕೂ ಬಸ್ಸಿನಲ್ಲಿಯೇ ಓಡಾಡಿದವರು. ಅವರು ವಿವರಿಸಿದ ಎಂಜಿನ್ನು ಅವರ ಅಂಗಳಕ್ಕೆ ಬಂದದ್ದು, ಬಂದಿದ್ದರೆ, ಮಕ್ಕಳ ಕಾಲಕ್ಕೆ. ಬದಿಯಡ್ಕದ ಕಡೆಯ ಅಂತಹ ಒಂದು ಮನೆಯಲ್ಲಿ ಕೆಲವು ತಿಂಗಳ ಕಾಲ ಒಂದು ಕಾರಿನ ಎಂಜಿನ್ನಿನ ಕುರಿತು ನಡೆದ ವಾದವಿವಾದ ಇಲ್ಲಿ ಹೇಳತಕ್ಕದ್ದಾಗಿದೆ. ಆ ವಾದದಲ್ಲಿ ಭೌತಶಾಸ್ತ್ರವಿತ್ತು, ಮೋಟಾರು ವಾಹನ ಕಾನೂನು ಇತ್ತು. ಎಲ್ಲಕ್ಕಿಂತ ಮಿಗಿಲಾಗಿ ಹನ್ನೆರಡು ವರ್ಷ ಕೊಲ್ಲಿ ದೇಶದಲ್ಲಿ ದುಡಿದು ಮರಳಿದ ಮಗನ ಗ್ರಾಚ್ಯುಟಿ ಹಣವಿತ್ತು. ಆ ಹಣ ಒಮ್ಮೆ ಖರ್ಚಾದರೆ ಮತ್ತೆ ಬರುವಂಥದ್ದಲ್ಲ.

ಮಗನಿಗೆ ಬೇಕಾಗಿದ್ದುದು ಬಿಎಂಡಬ್ಲ್ಯು ಮೂರರ ಸಾಲಿನ ಕಾರು. ಹೊಸದಲ್ಲ, ಹೊಸದು ಅವನ ಕೈಗೆ ನಿಲುಕುವಂತಿರಲಿಲ್ಲ. ಹಳೆಯ ಐಷಾರಾಮಿ ಕಾರುಗಳ ಮಾರುಕಟ್ಟೆಯಲ್ಲಿ ಒಂದು ವಿಚಿತ್ರವಿದೆ: ಎಂಟೊಂಬತ್ತು ವರ್ಷ ಕಳೆದ ಜರ್ಮನ್ ಸೆಡಾನು ಒಂದು ಹೊಸ ಸಾಧಾರಣ ಕಾರಿನ ಬೆಲೆಗೆ ದೊರೆಯುತ್ತದೆ, ಆದರೆ ಅದರ ಬಿಡಿಭಾಗಗಳಿಗೆ ತಮ್ಮ ಕಾರಿಗೆ ವಯಸ್ಸಾಯಿತೆಂಬ ವಿಷಯ ತಿಳಿದಿರುವುದಿಲ್ಲ. ಅವುಗಳ ಬೆಲೆ ಹೊಸ ಕಾರಿನ ಅಂತಸ್ತಿನಲ್ಲಿಯೇ ಉಳಿಯುತ್ತದೆ. ಸೊಸೆ ಮೊದಲ ದಿನವೇ ಈ ಮಾತನ್ನು ಎತ್ತಿದಳು. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ, ಮುಂದಿನ ಓದಿಗೆ ಹಣ ಬೇಕು, ಮನೆಗೆ ಒಂದು ಸಣ್ಣ ಕಾರು ಸಾಲದೆ ಎಂಬುದು ಅವಳ ಪ್ರಶ್ನೆ. ಸಾಲುತ್ತದೆ ಎಂಬುದೇ ನ್ಯಾಯವಾದ ಉತ್ತರ. ಆದರೆ ಹನ್ನೆರಡು ವರ್ಷ ಬೇರೆಯವರ ಕಾರುಗಳ ಕೆಳಗೆ ಮಲಗಿ ಬೋಲ್ಟು ಬಿಗಿದವನ ಎದುರು ಆ ಉತ್ತರವನ್ನು ಹೇಳಲು ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಕೊನೆಗೆ ಹಣದಲ್ಲಿ ಅರ್ಧವನ್ನು ಮಗಳ ಹೆಸರಿನಲ್ಲಿ ಠೇವಣಿ ಇಡುವುದು, ಉಳಿದ ಅರ್ಧದೊಳಗೆ ಕಾರು, ತೆರಿಗೆ, ರಿಪೇರಿ ಎಲ್ಲವೂ ಮುಗಿಯಬೇಕು ಎಂಬ ಕರಾರಿನ ಮೇಲೆ ಆಕೆ ಒಪ್ಪಿದಳು. ಲಿಖಿತವಲ್ಲದಿದ್ದರೂ ಅದು ಆ ಮನೆಯಲ್ಲಿ ಯಾವ ಸ್ಟಾಂಪು ಕಾಗದಕ್ಕಿಂತಲೂ ಗಟ್ಟಿಯಾದ ಕರಾರು.

ಈ ಕಾರಿಗೆ ಒಂದು ಇತಿಹಾಸವಿದೆ. ಅದರಲ್ಲಿ ಒಬ್ಬ ವಕೀಲನೂ ಬರುತ್ತಾನೆ. 1959ರಲ್ಲಿ ಮ್ಯೂನಿಕ್ಕಿನ ಈ ಕಂಪನಿ ದಿವಾಳಿಯ ಅಂಚಿನಲ್ಲಿತ್ತು. ಒಂದು ಕಡೆ ಶ್ರೀಮಂತರಿಗಷ್ಟೇ ಸಲ್ಲುವ ದೊಡ್ಡ ಕಾರುಗಳು, ಇನ್ನೊಂದು ಕಡೆ ಮೊಟ್ಟೆಯಾಕಾರದ ಪುಟ್ಟ ಇಸೆಟ್ಟಾ. ನಡುವೆ ಮಧ್ಯಮ ವರ್ಗ ಕೊಳ್ಳಬಹುದಾದ ಕಾರೇ ಇರಲಿಲ್ಲ. ಆ ವರ್ಷದ ಡಿಸೆಂಬರ್ 9ರಂದು ಸೇರಿದ ಷೇರುದಾರರ ಸಭೆಯಲ್ಲಿ ಕಂಪನಿಯನ್ನು ಡೈಮ್ಲರ್-ಬೆಂಜ್ ವಶಕ್ಕೆ ಒಪ್ಪಿಸುವ ಪ್ರಸ್ತಾವ ಬಹುತೇಕ ಅಂಗೀಕಾರವಾಗುವುದರಲ್ಲಿತ್ತು. ಸಣ್ಣ ಷೇರುದಾರರ ಪರವಾಗಿ ನಿಂತ ಫ್ರಾಂಕ್‌ಫರ್ಟಿನ ವಕೀಲ ಫ್ರೀಡ್ರಿಶ್ ಮಾಟರ್ನ್ ಲೆಕ್ಕಪತ್ರವನ್ನು ಹಿಡಿದು ಕುಳಿತ. ಹೊಸ ಮಾದರಿಯೊಂದರ ಅಭಿವೃದ್ಧಿಯ ಖರ್ಚನ್ನು ಹಲವು ವರ್ಷಗಳಿಗೆ ಹಂಚುವ ಬದಲು ಒಂದೇ ವರ್ಷಕ್ಕೆ ಬರೆದು ನಷ್ಟವನ್ನು ಹಿಗ್ಗಿಸಿ ತೋರಿಸಲಾಗಿದೆ ಎಂಬುದು ಅವನ ಆಕ್ಷೇಪ. ಆಯವ್ಯಯ ಪಟ್ಟಿಯಲ್ಲಿ ದೋಷವಿದ್ದರೆ ಶೇಕಡಾ 10ರಷ್ಟು ಮತಗಳ ಬಲದಿಂದಲೇ ಸಭೆಯನ್ನು ಮುಂದೂಡಿಸಬಹುದೆಂಬ ನಿಯಮ ಅವನ ಕೈಯಲ್ಲಿತ್ತು. ಸಭೆ ಮುಂದಕ್ಕೆ ಹೋಯಿತು, ಮಾರಾಟ ಬಿದ್ದುಹೋಯಿತು. ಬಳಿಕ ಹರ್ಬರ್ಟ್ ಕ್ವಾಂಟ್ ಎಂಬ ಉದ್ಯಮಿ ಕಂಪನಿಯಲ್ಲಿ ತನ್ನ ಪಾಲನ್ನು ಹೆಚ್ಚಿಸಿಕೊಂಡು ಅದನ್ನು ನಿಲ್ಲಿಸಿದ. 1962ರಲ್ಲಿ ನಾಲ್ಕು ಬಾಗಿಲಿನ 1500 ಮಾದರಿ ಮಾರಾಟಕ್ಕೆ ಬಂತು. 1966ರಿಂದ ಎರಡು ಬಾಗಿಲಿನ ಚುರುಕಾದ 02 ಸಾಲು. 1975ರಲ್ಲಿ ಆ ಸಾಲಿನ ಉತ್ತರಾಧಿಕಾರಿಯಾಗಿ ಮೂರರ ಸಾಲು. ಕಾರು ಚಿಕ್ಕದಿರಬೇಕು, ಎಂಜಿನ್ನು ಮುಂದೆ, ಬಲ ಹಿಂದಿನ ಚಕ್ರಗಳಿಗೆ, ತೂಕ ಎರಡೂ ಅಚ್ಚುಗಳ ಮೇಲೆ ಸಮವಾಗಿ ಹಂಚಿಕೆಯಾಗಬೇಕು ಎಂಬ ಸೂತ್ರ ಅಂದಿನಿಂದ ಇಂದಿನವರೆಗೆ ಹೆಚ್ಚು ಕದಲಿಲ್ಲ. ಲೆಕ್ಕಪತ್ರದ ಒಂದು ಸಾಲನ್ನು ಎಚ್ಚರದಿಂದ ಓದಿದ್ದರಿಂದ ಇಷ್ಟೆಲ್ಲ ಉಳಿಯಿತು.

ಭಾರತದಲ್ಲಿ ಈ ಕಾರಿನ ಜೋಡಣೆ 2007ರಲ್ಲಿ ಚೆನ್ನೈ ಬಳಿಯ ಕಾರ್ಖಾನೆಯಲ್ಲಿ ಆರಂಭವಾಯಿತು. ಮಾಸ್ತರರ ಮಗ ನೋಡಿದ್ದು ಆರನೆಯ ತಲೆಮಾರಿನ ಕಾರನ್ನು: 2011ರಲ್ಲಿ ಅನಾವರಣಗೊಂಡು 2012ರಲ್ಲಿ ಭಾರತಕ್ಕೆ ಬಂದು, 2016ರ ಆರಂಭದಲ್ಲಿ ಹೊಸ ಎಂಜಿನ್ನುಗಳೊಂದಿಗೆ ಪರಿಷ್ಕಾರಗೊಂಡದ್ದು. ಅವನ ಮುಂದೆ ಎರಡು ಕಾರುಗಳಿದ್ದವು. ಒಂದು ದೆಹಲಿಯ 320ಡಿ, ಡೀಸೆಲ್, 190 ಅಶ್ವಶಕ್ತಿ, 400 ನ್ಯೂಟನ್ ಮೀಟರ್ ತಿರುಚುಬಲ. ಇನ್ನೊಂದು ಬೆಂಗಳೂರಿನ 320ಐ, ಪೆಟ್ರೋಲ್, 184 ಅಶ್ವಶಕ್ತಿ. ಎರಡೂ 2016ರಲ್ಲಿ ನೋಂದಣಿಯಾದವು. ಎರಡಕ್ಕೂ ಎಂಟು ಗೇರಿನ ಅದೇ ಸ್ವಯಂಚಾಲಿತ ಪೆಟ್ಟಿಗೆ, ಅದೇ ಆಸನ, ಅದೇ ಗುಂಡಿ ತಿರುಗಿಸಿ ನಡೆಸುವ ಪರದೆ. ದೆಹಲಿಯದ್ದು ಗಣನೀಯವಾಗಿ ಅಗ್ಗ.

ಡೀಸೆಲ್ ಎಂಬ ಹೆಸರು ಕೇಳಿದರೆ ಮಾಸ್ತರರಿಗೆ ಲಾರಿಯ ನೆನಪು. ಆದರೆ ಮಗ ತಂದಿಟ್ಟ ಮಾಹಿತಿ ಪತ್ರಿಕೆಯನ್ನು ಅವರು ಪರೀಕ್ಷೆಯ ಉತ್ತರ ಪತ್ರಿಕೆಯಂತೆಯೇ ಓದಿದರು. ಪೆಟ್ರೋಲ್ ಎಂಜಿನ್ನಿನಲ್ಲಿ ಇಂಧನ-ಗಾಳಿಯ ಮಿಶ್ರಣಕ್ಕೆ ಕಿಡಿ ತಾಗಿಸಬೇಕು. ಡೀಸೆಲಿನಲ್ಲಿ ಗಾಳಿಯನ್ನು ಹದಿನಾರು ಪಟ್ಟಿನಷ್ಟು ಒತ್ತಿ ಕಾಯಿಸಿದ ಮೇಲೆ ಇಂಧನ ಚಿಮ್ಮಿಸಿದರೆ ತಾನಾಗಿಯೇ ಉರಿಯುತ್ತದೆ. ಒತ್ತಡ ಹೆಚ್ಚಾದಷ್ಟೂ ಅದೇ ಇಂಧನದಿಂದ ಹೆಚ್ಚಿನ ಕೆಲಸ ಹಿಂಡಬಹುದು. ಡೀಸೆಲಿನ ಮೈಲೇಜಿನ ರಹಸ್ಯ ಇಷ್ಟೇ. ಮೊಮ್ಮಗಳನ್ನು ಕೂರಿಸಿಕೊಂಡು ಅವರು ಒಂದು ಲೆಕ್ಕವನ್ನೂ ಮಾಡಿಸಿದರು. ಶಕ್ತಿಯೆಂದರೆ ತಿರುಚುಬಲವನ್ನು ಕೋನವೇಗದಿಂದ ಗುಣಿಸಿದ್ದು. 400 ನ್ಯೂಟನ್ ಮೀಟರ್ ಬಲ ನಿಮಿಷಕ್ಕೆ 1750 ಸುತ್ತುಗಳಲ್ಲೇ ಕೈಗೆ ಸಿಗುವುದಾದರೆ ಆ ಕ್ಷಣದ ಶಕ್ತಿ ಸುಮಾರು 73 ಕಿಲೋವ್ಯಾಟ್, ಅಂದರೆ ಹತ್ತಿರ ಹತ್ತಿರ 100 ಅಶ್ವಶಕ್ತಿ. ಎಂಜಿನ್ನು ಇನ್ನೂ ಆಕಳಿಸುತ್ತಿರುವಾಗಲೇ ಅರ್ಧಕ್ಕಿಂತ ಹೆಚ್ಚು ಶಕ್ತಿ ಎದ್ದು ನಿಂತಿರುತ್ತದೆ. ಏರುದಾರಿಯಲ್ಲಿ ಲಾರಿಯನ್ನು ದಾಟುವಾಗ ಬೆನ್ನನ್ನು ಆಸನಕ್ಕೆ ಒತ್ತುವುದು ಇದೇ. ಪೆಟ್ರೋಲಿನದ್ದು ಬೇರೆ ಸ್ವಭಾವ: ಅದರ 184 ಅಶ್ವಶಕ್ತಿ 5000 ಸುತ್ತುಗಳಲ್ಲಿ ಸಿದ್ಧಿಸಿ 6500ರವರೆಗೂ ಕುಗ್ಗದೆ ನಿಲ್ಲುತ್ತದೆ. ಅದು ದೂಡುವುದಿಲ್ಲ, ಹಾಡುತ್ತದೆ ಎಂದು ಮಗ ಹೇಳಿದ. ಪಾಠ ಕೇಳುತ್ತಿದ್ದ ಮೊಮ್ಮಗಳು ಹಾಡುವುದಕ್ಕೆ ಏಕಮಾನ ಯಾವುದೆಂದು ಕೇಳಿದಳು.

ಹಾಡಿನ ಮಾತು ಬಂದಾಗ ಆರು ಸಿಲಿಂಡರಿನ ಎಂಜಿನ್ನನ್ನು ಹೇಳದಿರಲಾಗದು. ಒಂದೇ ಸಾಲಿನಲ್ಲಿ ಆರು ಸಿಲಿಂಡರುಗಳನ್ನು ನಿಲ್ಲಿಸಿದರೆ ಮೇಲೆ ಕೆಳಗೆ ಓಡಾಡುವ ಪಿಸ್ಟನ್ನುಗಳ ಬಲಗಳು ಪರಸ್ಪರ ರದ್ದಾಗುತ್ತವೆ. ನಾಲ್ಕು ಸಿಲಿಂಡರಿನಲ್ಲಿ ಒಂದಿಷ್ಟು ಕಂಪನ ಉಳಿದೇ ಉಳಿಯುತ್ತದೆ, ಅದನ್ನು ಅಡಗಿಸಲು ಪ್ರತ್ಯೇಕ ಸಮತೋಲನದ ದಂಡಗಳನ್ನು ಸೇರಿಸಬೇಕಾಗುತ್ತದೆ. ಈ ಕಂಪನಿ ಇತ್ತೀಚಿನ ವರ್ಷಗಳಲ್ಲಿ ಪ್ರತಿ ಸಿಲಿಂಡರಿಗೆ ಸುಮಾರು ಅರ್ಧ ಲೀಟರು ಎಂಬ ಒಂದೇ ಅಳತೆಯನ್ನು ಹಿಡಿದು ಮೂರು, ನಾಲ್ಕು, ಆರು ಎಂದು ಜೋಡಿಸಿ ಎಂಜಿನ್ನುಗಳ ಒಂದು ಕುಟುಂಬವನ್ನೇ ಕಟ್ಟಿದೆ. ಆ ಕುಟುಂಬದ ಹಿರಿಯಣ್ಣನನ್ನು ಹೊತ್ತ ಎಂ340ಐ 2021ರಲ್ಲಿ ಭಾರತಕ್ಕೆ ಬಂತು: ಮೂರು ಲೀಟರು, 387 ಅಶ್ವಶಕ್ತಿ, ನಿಶ್ಚಲ ಸ್ಥಿತಿಯಿಂದ ಗಂಟೆಗೆ 100 ಕಿಲೋಮೀಟರ್ ವೇಗಕ್ಕೆ ಕಂಪನಿ ಹೇಳುವ ಸಮಯ 4.4 ಸೆಕೆಂಡು. ಮಗನ ಮೊಬೈಲಿನಲ್ಲಿ ಅದರ ಸದ್ದಿನ ಧ್ವನಿಮುದ್ರಣವಿತ್ತು. ಅದಕ್ಕಿಂತ ಹೆಚ್ಚಿನ ಸಂಬಂಧ ಆ ಮನೆಗೂ ಆ ಕಾರಿಗೂ ಇರಲಿಲ್ಲ.

ದೆಹಲಿಯ ಕಾರು ಏಕೆ ಅಗ್ಗ? ಇಲ್ಲಿಂದ ಭೌತಶಾಸ್ತ್ರ ಮುಗಿದು ಕಾನೂನು ಆರಂಭವಾಗುತ್ತದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2015ರಲ್ಲಿ ಹತ್ತು ವರ್ಷ ದಾಟಿದ ಡೀಸೆಲ್ ವಾಹನಗಳು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ ಓಡಬಾರದೆಂದು ಆದೇಶಿಸಿತು. 2018ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಜಾರಿಗೆ ತರುವಂತೆ ಹೇಳಿತು. ಪೆಟ್ರೋಲಿಗೆ ಹದಿನೈದು ವರ್ಷ. 2025ರ ಆಗಸ್ಟ್‌ನಲ್ಲಿ, ವಯಸ್ಸೊಂದೇ ಕಾರಣಕ್ಕೆ ಅಲ್ಲಿನ ಮಾಲಿಕರ ಮೇಲೆ ಬಲವಂತದ ಕ್ರಮ ಬೇಡವೆಂದು ಅದೇ ನ್ಯಾಯಾಲಯ ಹೇಳಿದರೂ ಮಾರುಕಟ್ಟೆಯ ಭಯ ಒಂದು ಆದೇಶದಿಂದ ಹೋಗುವಂಥದ್ದಲ್ಲ. ಹೀಗಾಗಿ ಒಂಬತ್ತು ವರ್ಷದ ಡೀಸೆಲ್ ಕಾರುಗಳು ದಕ್ಷಿಣದ ದಾರಿ ಹಿಡಿಯುತ್ತವೆ. ಈ ನಿರ್ದಿಷ್ಟ ಮಾದರಿಯ ಬಗ್ಗೆ ಇನ್ನೊಂದು ಸ್ವಾರಸ್ಯವಿದೆ. 2015ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ 2000 ಸಿಸಿ ಮತ್ತು ಅದಕ್ಕೂ ಮೇಲ್ಪಟ್ಟ ಖಾಸಗಿ ಡೀಸೆಲ್ ಕಾರುಗಳ ನೋಂದಣಿಯನ್ನು ದೆಹಲಿ ವಲಯದಲ್ಲಿ ತಡೆಹಿಡಿಯಿತು. ಮರುವರ್ಷದ ಆಗಸ್ಟ್‌ನಲ್ಲಿ ಶೇಕಡಾ 1ರ ಪರಿಸರ ಶುಲ್ಕದೊಂದಿಗೆ ತಡೆ ತೆರವಾಯಿತು. ದೊಡ್ಡ ಕಾರುಗಳೆಲ್ಲ ಶೋರೂಮಿನಲ್ಲಿ ನಿಂತಿದ್ದ ಆ ಎಂಟು ತಿಂಗಳು 320ಡಿ ಮಾತ್ರ ನಿರಾತಂಕವಾಗಿ ನೋಂದಣಿಯಾಗುತ್ತಿತ್ತು, ಏಕೆಂದರೆ ಅದರ ಎಂಜಿನ್ನು 1995 ಸಿಸಿ. ಐದು ಸಿಸಿ ಎಂದರೆ ಒಂದು ಚಹಾ ಚಮಚೆಯಷ್ಟು. ಕಾನೂನಿನಲ್ಲಿ ಗೆರೆ ಎಳೆದ ಕಡೆಗಳಲ್ಲೆಲ್ಲ ಹೀಗೆ ಒಂದು ಚಮಚೆಯಿಂದ ಪಾರಾದವರು ಸಿಗುತ್ತಾರೆ.

ಬೇರೆ ರಾಜ್ಯದ ಕಾರನ್ನು ತರುವವರು ಬೆಲೆಯನ್ನಷ್ಟೇ ನೋಡುತ್ತಾರೆ. ಕಾಗದಗಳನ್ನು ಬ್ರೋಕರನ ನಗುಮುಖ ನೋಡಿ ನಂಬುತ್ತಾರೆ. ಗಡಿಜಿಲ್ಲೆಯ ಕುಟುಂಬಗಳಿಗೆ ಇದು ಪರರಾಜ್ಯವಲ್ಲ, ದಿನನಿತ್ಯದ ಮಾತು. ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ ಕೆಲಸ ಮಾಡುವ ಮಕ್ಕಳು ಅಲ್ಲಿನ ನೋಂದಣಿಯ ಕಾರನ್ನು ಊರಿನ ಅಂಗಳಕ್ಕೆ ತಂದು ನಿಲ್ಲಿಸುತ್ತಾರೆ. ಆದುದರಿಂದ ಈ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳಿತು. ವಾಹನವನ್ನು ಬೇರೆ ರಾಜ್ಯದಲ್ಲಿ ಹನ್ನೆರಡು ತಿಂಗಳು ಮೀರಿ ಇಟ್ಟುಕೊಳ್ಳುವುದಾದರೆ ಅಲ್ಲಿನ ಹೊಸ ನೋಂದಣಿ ಸಂಖ್ಯೆ ಪಡೆಯಬೇಕೆಂದು ಮೋಟಾರು ವಾಹನ ಕಾಯಿದೆಯ 47ನೆಯ ಕಲಮು ಹೇಳುತ್ತದೆ. ಅದಕ್ಕೆ ಮೊದಲು 48ನೆಯ ಕಲಮಿನಂತೆ ಮೂಲ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಅರ್ಜಿ ನಮೂನೆ 28. ಮಾಲಿಕತ್ವ ಬದಲಾವಣೆಗೆ ನಮೂನೆ 29 ಮತ್ತು 30. ಹಿಂದೆ ಸಾಲವಿದ್ದು ತೀರಿಸಿದ್ದರೆ ನಮೂನೆ 35. ಸಾಲ ತೀರಿದೆ ಎಂಬ ಬ್ಯಾಂಕಿನ ಪತ್ರವಿದ್ದರೆ ಸಾಲದು, ಆರ್‌ಸಿಯಿಂದ ಬ್ಯಾಂಕಿನ ಹೆಸರು ತೆಗೆದಿರಬೇಕು.

ಮಾರಿದವರಿಗೂ ಇಲ್ಲಿ ಅಪಾಯವಿದೆ. 2018ರ ಫೆಬ್ರವರಿಯಲ್ಲಿ ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಣ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟವಾಗಿ ಹೇಳಿದೆ: ಕಾರು ಎಷ್ಟು ಕೈ ಬದಲಾಯಿಸಿದ್ದರೂ ನೋಂದಣಿಯಲ್ಲಿ ಯಾರ ಹೆಸರಿದೆಯೋ ಅವನೇ ಕಾನೂನಿನ ದೃಷ್ಟಿಯಲ್ಲಿ ಮಾಲಿಕ, ಅಪಘಾತವಾದರೆ ಪರಿಹಾರದ ಹೊಣೆ ಅವನದ್ದು. ಕೊಂಡವನಿಗೆ ಬೇರೊಂದು ಅಪಾಯ. ಮೂರನೆಯ ವ್ಯಕ್ತಿಯ ನಷ್ಟದ ವಿಮೆ ಕಾರಿನ ಜೊತೆಗೇ ಹೊಸ ಮಾಲಿಕನಿಗೆ ಬರುತ್ತದೆ. ತನ್ನದೇ ಕಾರಿನ ಹಾನಿಯ ವಿಮೆ ಹಾಗೆ ಬರುವುದಿಲ್ಲ, ಹೆಸರು ಬದಲಾಯಿಸಿಕೊಳ್ಳಲೇಬೇಕು. ಬೇರೆ ವಿಳಾಸ ತೋರಿಸಿ ತೆರಿಗೆ ಉಳಿಸುವ ಜಾಣತನವನ್ನಂತೂ ಯಾರೂ ಮಾಡಬಾರದು. ಪುದುಚೇರಿಯ ವಿಳಾಸದಲ್ಲಿ ನೋಂದಣಿಯಾಗಿ ಕೇರಳದಲ್ಲಿ ಓಡಾಡಿದ ಐಷಾರಾಮಿ ಕಾರುಗಳ ಪ್ರಕರಣಗಳು 2017ರಲ್ಲಿ ದೊಡ್ಡ ಸುದ್ದಿಯಾದುದು ಅನೇಕರಿಗೆ ನೆನಪಿರಬಹುದು. ಕೇರಳದ ತೆರಿಗೆ ಕಾರಿನ ಮೂಲ ಬೆಲೆ ಮತ್ತು ವಯಸ್ಸನ್ನು ನೋಡಿ ನಿಗದಿಯಾಗುತ್ತದೆ. ಕೈಗೆ ಅಗ್ಗವಾಗಿ ಬಂದ ಕಾರು ತೆರಿಗೆಯ ಕಿಟಕಿಯ ಮುಂದೆ ಮತ್ತೆ ದುಬಾರಿಯಾಗುತ್ತದೆ. ದೆಹಲಿಯ ಅಗ್ಗದ ಲೆಕ್ಕಾಚಾರ ಇಲ್ಲಿ ಮೊದಲ ಬಾರಿಗೆ ಅಲುಗಾಡಿತು.

ಎರಡನೆಯ ಬಾರಿ ಅದನ್ನು ಅಲುಗಾಡಿಸಿದ್ದು ಮಾಸ್ತರರ ಒಂದು ಸರಳ ಪ್ರಶ್ನೆ: ಈ ಕಾರು ಹೋಗುವುದು ಎಲ್ಲಿಗೆ? ಮಗ ಊರಿನಲ್ಲೇ ಸಣ್ಣ ಗ್ಯಾರೇಜು ತೆರೆಯಲಿದ್ದಾನೆ. ಪೇಟೆಗೆ ನಾಲ್ಕಾರು ಕಿಲೋಮೀಟರು, ಮೊಮ್ಮಗಳ ಶಾಲೆಗೆ ಅದಕ್ಕೂ ಕಡಿಮೆ, ತಿಂಗಳಿಗೊಮ್ಮೆ ಮಾಸ್ತರರ ಹೃದಯ ತಪಾಸಣೆಗೆ ಮಂಗಳೂರು. ಇಂತಹ ತುಂಡು ಪ್ರಯಾಣಗಳಲ್ಲಿ ಡೀಸೆಲ್ ಎಂಜಿನ್ನು ಸರಿಯಾಗಿ ಬಿಸಿಯೇರುವ ಮೊದಲೇ ನಿಲ್ಲುತ್ತದೆ. ನಿಷ್ಕಾಸ ಕೊಳವೆಯಲ್ಲಿ ಮಸಿಯನ್ನು ಹಿಡಿದಿಡುವ ಶೋಧಕವಿದ್ದರೆ ಅದು ಆ ಮಸಿಯನ್ನು ಸುಟ್ಟು ತನ್ನನ್ನು ತಾನು ಶುಚಿಗೊಳಿಸಿಕೊಳ್ಳಲು ಹೆದ್ದಾರಿಯ ದೀರ್ಘ ಓಟದ ಶಾಖ ಬೇಕು. ಅದು ಸಿಗದಿದ್ದರೆ ಕಟ್ಟಿಕೊಳ್ಳುತ್ತದೆ. ಮರುಬಳಕೆಯ ಹೊಗೆಯನ್ನು ಎಂಜಿನ್ನಿಗೆ ಹಿಂತಿರುಗಿಸುವ ಕವಾಟದ ಕತೆಯೂ ಅಷ್ಟೇ. ಡೀಸೆಲಿನಲ್ಲಿ ಲೀಟರಿಗೆ ಉಳಿಯುವ ಹಣವನ್ನು ಒಟ್ಟುಗೂಡಿಸಲು ವರ್ಷಕ್ಕೆ ಬಹಳ ದೂರ ಓಡಬೇಕು. ಈ ಮನೆಯ ಓಟ ಅದರ ಹತ್ತಿರಕ್ಕೂ ಬರುವುದಿಲ್ಲ.

ಪೆಟ್ರೋಲು ನಿರ್ದೋಷಿಯೆಂದಲ್ಲ. ಈಗ ಬಂಕುಗಳಲ್ಲಿ ದೊರೆಯುವುದು ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು. ಎಥನಾಲಿನ ಶಾಖಮೌಲ್ಯ ಲೀಟರಿಗೆ ಪೆಟ್ರೋಲಿನ ಮೂರನೆಯ ಎರಡು ಭಾಗದಷ್ಟೇ ಆದ್ದರಿಂದ ಮೈಲೇಜು ಒಂದಿಷ್ಟು ಇಳಿಯಲೇಬೇಕು. 2016ರ ಕಾರಿನ ರಬ್ಬರು ಕೊಳವೆಗಳನ್ನು, ಸೀಲುಗಳನ್ನು ಆಗಾಗ ನೋಡುತ್ತಿರಬೇಕು. ಇನ್ನು ಎರಡೂ ಎಂಜಿನ್ನುಗಳಿಗೆ ಸಮಾನವಾದ ಒಂದು ಸಂಗತಿಯಿದೆ. ಕವಾಟಗಳನ್ನು ತಾಳಬದ್ಧವಾಗಿ ತೆರೆದು ಮುಚ್ಚುವ ಟೈಮಿಂಗ್ ಚೈನನ್ನು ಇವುಗಳಲ್ಲಿ ಎಂಜಿನ್ನಿನ ಮುಂಭಾಗದಲ್ಲಿಡದೆ ಹಿಂದೆ, ಗೇರುಪೆಟ್ಟಿಗೆಯ ಬದಿಗೆ ಇಟ್ಟಿದ್ದಾರೆ. ಅಲ್ಲಿ ದಂಡದ ತಿರುಚು ಕಂಪನ ಕಡಿಮೆ ಎಂಬ ಕಾರಣ ಸರಿಯೇ. ಆದರೆ ಚೈನು ಸವೆದರೆ ಅದನ್ನು ತಲುಪಲು ದೊಡ್ಡ ಬಿಚ್ಚಾಟವೇ ಬೇಕು, ಕೂಲಿಯ ಲೆಕ್ಕ ಬಿಡಿಭಾಗದ ಲೆಕ್ಕವನ್ನು ಮೀರುತ್ತದೆ. ಹೀಗಾಗಿ ಎಂಜಿನ್ ಆಯಿಲನ್ನು ಹಿಂದಿನ ಮಾಲಿಕ ಎಷ್ಟು ಕಿಲೋಮೀಟರಿಗೊಮ್ಮೆ ಬದಲಾಯಿಸಿದ್ದಾನೆ ಎಂಬ ದಾಖಲೆ ಹೊಳೆಯುವ ಬಣ್ಣಕ್ಕಿಂತ ಮುಖ್ಯ. ಬೆಂಗಳೂರಿನ ಕಾರಿಗೆ ಪೂರ್ತಿ ಸರ್ವಿಸ್ ಪುಸ್ತಕವಿತ್ತು. ದೆಹಲಿಯದಕ್ಕೆ ಮೊದಲ ನಾಲ್ಕು ವರ್ಷದ ಪುಟಗಳಷ್ಟೇ ಇದ್ದವು. ಉಳಿದವುಗಳ ಬಗ್ಗೆ ಬ್ರೋಕರನಿಗೆ ನೆನಪಿರಲಿಲ್ಲ.

ಕಾರಿನ ಸೌಕರ್ಯಗಳ ವಿಷಯದಲ್ಲಿ ಹೆಚ್ಚು ಹೇಳುವುದೇನಿಲ್ಲ. ಆರಾಮ, ಮಿತವ್ಯಯ, ಕ್ರೀಡೆ ಎಂದು ಚಾಲನೆಯ ಬಗೆಯನ್ನು ಬದಲಾಯಿಸುವ ಗುಂಡಿ. 480 ಲೀಟರಿನ ಡಿಕ್ಕಿ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ಟಯರುಗಳು, ಅದರ ನೆಪದಲ್ಲಿ ಹೆಚ್ಚುವರಿ ಚಕ್ರವೇ ಇಲ್ಲ. ಆ ಟಯರಿನ ಪಕ್ಕೆಗಳು ಬಿರುಸು. ನಮ್ಮ ಒಳರಸ್ತೆಗಳ ಹೊಂಡಗಳು ಬೆನ್ನಿಗೆ ತಿಳಿಯುತ್ತವೆ. ನೆಲದಿಂದ ಕಾರಿನ ಎತ್ತರ ಕಡಿಮೆ. ಶಾಲೆಯ ಮುಂದಿನ ಉಬ್ಬನ್ನು ಓರೆಯಾಗಿ ಹತ್ತಬೇಕು. ಆಸನವೂ ತಗ್ಗು. ವೇಗದ ತಿರುವಿನಲ್ಲಿ ಕಾರನ್ನು ರಸ್ತೆಗೆ ಅಂಟಿಸುವ ಆ ತಗ್ಗುತನವೇ ಎಪ್ಪತ್ತು ದಾಟಿದ ಮೊಣಕಾಲುಗಳಿಗೆ ಶಿಕ್ಷೆ. ಮಾಸ್ತರರು ಮೊದಲ ಸಲ ಒಳಗೆ ಕುಳಿತಾಗ ಬಾವಿಗೆ ಇಳಿದ ಹಾಗಾಯಿತೆಂದರು. ಆ ಮೇಲೆ ಏಳುವಾಗ ಮಗ ಕೈಕೊಟ್ಟ.

ಬೆಂಗಳೂರಿನ ಪೆಟ್ರೋಲ್ ಕಾರೇ ಬಂತು. ಸೊಸೆಯ ಕರಾರು ಮುರಿಯಲಿಲ್ಲ. ರಿಪೇರಿಗೆಂದು ತೆಗೆದಿಟ್ಟ ಹಣದಲ್ಲಿ ಮುಂದಿನ ಬ್ರೇಕು ಬಿಲ್ಲೆಗಳೂ ನಾಲ್ಕು ಟಯರುಗಳೂ ಆದವು, ಒಂದಿಷ್ಟು ಉಳಿಯಿತು. ಕೆಎ ಹೋಗಿ ಕೆಎಲ್ 14 ಆಗುವ ವೇಳೆಗೆ ಮಳೆಗಾಲ ಹಿಡಿದಿತ್ತು. ಈ ಓಡಾಟದಲ್ಲಿ ಆ ಮನೆಯವರು ತುಂಬಿದ ನಮೂನೆಗಳೆಲ್ಲ ಇಂಗ್ಲಿಷಿನವು ಅಥವಾ ಮಲಯಾಳದವು. ಒಂದೆರಡು ಕಡೆ ಅರ್ಥವಾಗದ ಪದಕ್ಕೆ ನೆರೆಮನೆಯವರನ್ನು ಕೇಳಬೇಕಾಯಿತು.

ಕರ್ನಾಟಕದಲ್ಲಿ ಆಜೀವ ತೆರಿಗೆ ಕಟ್ಟಿದ ಕಾರು ಹೊರರಾಜ್ಯದಲ್ಲಿ ಮರುನೋಂದಣಿಯಾದರೆ ಉಳಿದ ಅವಧಿಯ ಪಾಲನ್ನು ಮರಳಿ ಕೇಳಬಹುದು. ಅದರ ಅರ್ಜಿಯೊಂದು ಬಾಕಿಯಿತ್ತು, ಹೋಗಬೇಕಾದದ್ದು ಬೆಂಗಳೂರಿನ ಸಾರಿಗೆ ಕಚೇರಿಗೆ. ನಮೂನೆಯ ಜೊತೆಗೆ ಲಗತ್ತಿಸುವ ಪತ್ರವನ್ನು ಕನ್ನಡದಲ್ಲೇ ಬರೆಯುವುದೆಂದು ಮಾಸ್ತರರು ತೀರ್ಮಾನಿಸಿದರು. ಜಗಲಿಯಲ್ಲಿ ಕುಳಿತು ಅವರು ಹೇಳುತ್ತ ಹೋದರು, ಮೊಮ್ಮಗಳು ಬರೆದಳು. ವಾಹನದ ವಿವರ ಬರೆಯುವಾಗ ಅವರಿಗೆ ಆರ್‌ಸಿಯಲ್ಲಿ ಅಚ್ಚಾದದ್ದರ ಮೇಲೆ ನಂಬಿಕೆ ಸಾಲದೆ, ಅಂಗಳಕ್ಕಿಳಿದು ಮಗನಿಂದ ಬಾನೆಟ್ ಎತ್ತಿಸಿ, ಕನ್ನಡಕ ಸರಿಪಡಿಸಿಕೊಂಡು ಲೋಹದ ಮೇಲೆ ಕೊರೆದ ಚಾಸಿಸ್ ಸಂಖ್ಯೆಯ ಹದಿನೇಳು ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಓದಿದರು. ಮೊಮ್ಮಗಳು ಜಗಲಿಯಿಂದಲೇ ಪ್ರತಿಯೊಂದನ್ನೂ ಮರುನುಡಿದು ಬರೆದುಕೊಂಡಳು. ಪತ್ರ ಮರುದಿನದ ರಿಜಿಸ್ಟರ್ಡ್ ಅಂಚೆಯಲ್ಲಿ ಹೋಯಿತು.